ದಾರಂದದ ಅಡಿಯಲ್ಲಿ ಸಿಕ್ಕಿದ ಕಲ್ಲಿನ ದಾಳ: ಸಮುದ್ರಕ್ಕೆ ಬಿಡಬೇಕಾ, ಇಟ್ಟುಕೊಳ್ಳಬೇಕಾ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಅಮ್ಮನ ಕಡೆಯ ಹಳೆಯ ಮನೆ ಇದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಒಳಕೋಣೆಯ ನೆಲ ತೆಗೆದು ಟೈಲ್ಸ್ ಹಾಕಿಸಲು ಕೆಲಸ ಶುರು ಮಾಡಿದೆವು. ದಾರಂದದ ಅಡಿ ಅಗೆಯುವಾಗ ಒಂದು ಸಣ್ಣ ಮಣ್ಣಿನ ಕುಡಿಕೆಗೆ ಪಿಕಾಸಿ ತಾಗಿ ಅದು ಒಡೆಯಿತು. ಒಳಗೆ ಮೂರು ತಾಮ್ರದ ನಾಣ್ಯ, ಜೊತೆಗೆ ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಕಪ್ಪು ಕಲ್ಲು. ಚೌಕವಾಗಿದೆ, ಆದರೆ ಎಂಟೂ ಮೂಲೆ ಕತ್ತರಿಸಿದ್ದಾರೆ. ಆರು ಮುಖಗಳಲ್ಲಿ ಒಂದರಿಂದ ಆರರವರೆಗೆ ಸಣ್ಣ ಉಂಗುರ ಕೊರೆದು ನಡುವೆ ಚುಕ್ಕಿ ಇಟ್ಟಿದ್ದಾರೆ. ಮುಟ್ಟಿದರೆ ಸಾಬೂನಿನ ಹಾಗೆ ಜಾರುತ್ತದೆ. ಅಳತೆ ಸರಿಯಿಲ್ಲ, ಒಂದು ಕಡೆ ಅಗಲ ಜಾಸ್ತಿ. ಚಿನ್ನದಂಗಡಿಯಲ್ಲಿ ತೂಗಿಸಿದೆ, 44 ಗ್ರಾಂ. ಫೋಟೋಗಳನ್ನೂ ಕಳಿಸಿದ್ದೇನೆ.

ಹೋದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಇಪ್ಪತ್ತು ಮುಖದ ಕಲ್ಲಿನ ದಾಳ ನೋಡಿದ್ದೆ. ಇದೂ ಅಂಥದ್ದೇ ಇರಬಹುದೇ? ತಮ್ಮನ ಮಗ ಹರಪ್ಪದ್ದು ಅನ್ನುತ್ತಾನೆ. ಒಂದು ನಾಣ್ಯವನ್ನು ಹುಣಸೆಹುಳಿ ಹಾಕಿ ಉಜ್ಜಿದ್ದಾನೆ, 1835 ಅಂತ ಕಾಣುತ್ತದೆ. ಅಮ್ಮ ಮಾತ್ರ 'ಶಕುನಿಯ ದಾಳ ಮನೆಯಲ್ಲಿದ್ದರೆ ಜಗಳ ತಪ್ಪದು' ಎಂದು ನಿದ್ದೆ ಬಿಟ್ಟಿದ್ದಾರೆ. ಜೋಯಿಸರೊಬ್ಬರು ಕವಡೆ ಹಾಕಿ, ಯಾರೋ ಮಾಟ ಮಾಡಿ ಹೂತದ್ದು ಇರಬಹುದು ಎಂದರು. ಮಾವ ಮಲ್ಪೆಗೆ ಹೋಗಿ ಸಮುದ್ರಕ್ಕೆ ಬಿಟ್ಟು ಬನ್ನಿ ಅನ್ನುತ್ತಾರೆ. ಫೋಟೋ ನೋಡಿ ಒಬ್ಬ ಫೋನ್ ಮಾಡಿ ಹತ್ತು ಲಕ್ಷ ಕೊಡುತ್ತೇನೆ ಅಂದ. ಸೋಮವಾರ ಮೇಸ್ತ್ರಿ ಬರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ನಾಲ್ಕು ದಿನ ಬಿಟ್ಟು ಬರಲು ಹೇಳಿ. ಉಳಿದದ್ದೆಲ್ಲ ಆಮೇಲೆ. ಯಾಕೆ ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿದ್ದರೂ ಒಳಗಿರುವ ಭಯ ಒಂದೇ. ಯಾರೋ ಬೇಕೆಂದೇ ಅಲ್ಲಿ ಇಟ್ಟದ್ದನ್ನು ನಾವು ಕಿತ್ತು ತೆಗೆದೆವಾ, ಇದರಿಂದ ಮನೆಗೆ ಏನಾದರೂ ಆಗುತ್ತದಾ? ಮೂವತ್ತು ವರ್ಷ ಸಂಗ್ರಹಾಲಯಗಳ ಉಗ್ರಾಣದಲ್ಲಿ ಕಲ್ಲು, ಮರ, ತಾಮ್ರ ಒರೆಸಿಕೊಂಡು ಬಂದವನು ನಾನು. ಇಂಥ ಪತ್ರ, ಫೋನ್ ವರ್ಷಕ್ಕೆ ಹತ್ತಾದರೂ ಬರುತ್ತವೆ, ಮಂಗಳೂರು ಉಡುಪಿ ಕಡೆಯಿಂದಲೇ ಜಾಸ್ತಿ. ಹಳೆಯ ಮನೆ ಕೆಡವಿ ಹೊಸದು ಕಟ್ಟುವವರು ಈಗ ಇಲ್ಲಿ ಅಷ್ಟು ಜನ ಇದ್ದಾರೆ.

ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ನಿದ್ದೆ ಮುಖ್ಯ.

ಶಕುನಿ ತನ್ನ ಅಪ್ಪನ ಎಲುಬಿನಿಂದ ದಾಳ ಮಾಡಿಸಿಕೊಂಡ, ಅದು ಅವನು ಹೇಳಿದ ಹಾಗೆ ಬೀಳುತ್ತಿತ್ತು ಅನ್ನುವ ಕತೆ ನಮಗೆಲ್ಲ ಗೊತ್ತು. ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನವರೆಗೆ ಕೂತವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ವ್ಯಾಸರ ಭಾರತದಲ್ಲಿ ಈ ಎಲುಬಿನ ಕತೆ ಇಲ್ಲ. ಅಲ್ಲಿ ಶಕುನಿ ಪಳಗಿದ ಆಟಗಾರ, ಮೋಸಗಾರ, ಅಷ್ಟೇ. ಎಲುಬು ಆಮೇಲೆ ಜನರ ಬಾಯಲ್ಲಿ ಸೇರಿಕೊಂಡದ್ದು. ಋಗ್ವೇದದ ಹತ್ತನೇ ಮಂಡಲದಲ್ಲಿ ಒಬ್ಬ ಜೂಜುಕೋರ ಅಳುವ ಸೂಕ್ತವೊಂದಿದೆ, 34ನೆಯದು. ಅದರಲ್ಲಿ ಬರುವ ದಾಳ ಎಲುಬಿನದ್ದೂ ಅಲ್ಲ, ಕಲ್ಲಿನದ್ದೂ ಅಲ್ಲ. ತಾರೆಕಾಯಿ! ತ್ರಿಫಲ ಚೂರ್ಣಕ್ಕೆ ಹಾಕುತ್ತಾರಲ್ಲ, ಅದೇ ಕಾಯಿ. ಅಮ್ಮನ ಅಡುಗೆಮನೆಯ ಡಬ್ಬಿಯಲ್ಲೂ ಇರಬಹುದು.

ಇನ್ನು ದಾಳ ಇದ್ದಲ್ಲೆಲ್ಲ ಜಗಳ ಅನ್ನುವುದಾದರೆ ಶಿವ ಪಾರ್ವತಿಯರ ಮನೆಯಲ್ಲೂ ಇರಬಾರದಿತ್ತು. ಎಲ್ಲೋರದ 21ನೇ ಗುಹೆಯ ಗೋಡೆಯಲ್ಲಿ ಅವರಿಬ್ಬರೂ ಕೂತು ಪಗಡೆ ಆಡುತ್ತಿದ್ದಾರೆ. (ಅಲ್ಲೂ ಸ್ವಲ್ಪ ಮುನಿಸು ಇರುವ ಹಾಗೆ ಕಾಣುತ್ತದೆ, ಅದು ಬೇರೆ ಮಾತು.) ಪಂಪನ ಭಾರತದಲ್ಲಿ ಕರ್ಣ ಮತ್ತು ದುರ್ಯೋಧನನ ಹೆಂಡತಿ ಭಾನುಮತಿ ನೆತ್ತವಾಡುತ್ತಾರೆ, ಅಂದರೆ ಪಗಡೆ. ಅದನ್ನು ಕಣ್ಣಾರೆ ಕಂಡ ದುರ್ಯೋಧನನೇ ಸಿಟ್ಟು ಮಾಡಿಕೊಳ್ಳುವುದಿಲ್ಲ. ನಮ್ಮ ತುಳುನಾಡಿನದ್ದನ್ನೇ ತೆಗೆದುಕೊಳ್ಳಿ. ತುಳುವಿನ ಹಾಡುಗತೆ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆ (ಅಳಗುಳಿಮಣೆ) ಆಡುತ್ತಾ ಜಗಳವಾಗಿ ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದ ಹೊಡೆದು ಅನಾಹುತವಾಗುತ್ತದೆ. ಆ ಕತೆ ಕೇಳಿಯೂ ನಾವು ಚೆನ್ನೆಮಣೆಯನ್ನು ಹೊಳೆಗೆ ಬಿಡಲಿಲ್ಲ. ಅಕ್ಕ ತಂಗಿ ಎದುರುಬದುರು ಕೂತು ಆಡಬೇಡಿ ಎಂದೆವು, ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಸಿ ಆಡಿದೆವು, ಮತ್ತೆ ಅಟ್ಟಕ್ಕೆ ಹಾಕಿದೆವು. ಅಮ್ಮನಿಗೆ ಇದನ್ನೇ ಹೇಳಿ ನೋಡಿ. ವಿಜ್ಞಾನ ಹೇಳುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಮಾಟದ ವಿಷಯ. ಜೋಯಿಸರ ವಿದ್ಯೆಯ ಬಗ್ಗೆ ನಾನು ಮಾತಾಡುವುದಿಲ್ಲ, ಅದು ನನ್ನ ಕೆಲಸವಲ್ಲ. ಕುಡಿಕೆ ಸಿಕ್ಕಿದ ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ದಾರಂದ ನಿಲ್ಲಿಸುವಾಗ ಅದರ ಅಡಿಗೆ ನಾಣ್ಯ, ಚೂರು ಚಿನ್ನ, ನವರತ್ನದ ಹರಳು ಹಾಕುವುದು ಈಗಲೂ ನಡೆಯುವ ಪದ್ಧತಿ. ನಿಮ್ಮ ಹೊಸ ಬಾಗಿಲಿಗೂ ಪುರೋಹಿತರು ಹಾಕಿಸುತ್ತಾರೆ ನೋಡಿ. ಮೂರು ನಾಣ್ಯ ಒಂದು ಕುಡಿಕೆಯಲ್ಲಿ, ಅದೂ ಹೊಸ್ತಿಲ ಅಡಿಯಲ್ಲಿ ಸಿಕ್ಕಿದರೆ ನನ್ನಂಥವನಿಗೆ ಮೊದಲು ನೆನಪಾಗುವುದು ಗೃಹಪ್ರವೇಶ, ಮಾಟ ಅಲ್ಲ. ಕೆಟ್ಟದ್ದು ಬಯಸಿದವನು ಮನೆಯೊಳಗೆ ಬಂದು, ದಾರಂದ ಎತ್ತಿಸಿ, ಕುಡಿಕೆ ಇಟ್ಟು, ಮತ್ತೆ ಗಾರೆ ಹಾಕಿಸಿ ಹೋಗಲು ಸಾಧ್ಯವಾ ಅಂತ ನೀವೇ ಯೋಚಿಸಿ. ಮನೆಯ ಯಜಮಾನನ ಕಣ್ಣೆದುರೇ ಇಟ್ಟ ವಸ್ತು ಅದು.

ಹಾಗಾದರೆ ನಾಣ್ಯದ ಜೊತೆ ದಾಳ ಯಾಕೆ? ಇದಕ್ಕೆ ನೀವು ನ್ಯೂಯಾರ್ಕಿನಲ್ಲಿ ನೋಡಿದ ದಾಳದ ಕಡೆಗೆ ಒಮ್ಮೆ ಹೋಗಿ ಬರಬೇಕು.

ಆ ದಾಳ ಸರ್ಪೆಂಟೈನ್ ಎಂಬ ಕಲ್ಲಿನದ್ದು. ಹಾವಿನ ಚರ್ಮದ ಹಾಗೆ ಹಸಿರು, ಕಪ್ಪು ಮಚ್ಚೆ ಇರುವ ಕಲ್ಲಾದ್ದರಿಂದ ಆ ಹೆಸರು. ಇಪ್ಪತ್ತು ಮುಖ, ಎಲ್ಲವೂ ತ್ರಿಕೋನ. ಒಂದೊಂದರಲ್ಲೂ ಒಂದೊಂದು ಗ್ರೀಕ್ ಅಕ್ಷರ, ಆಲ್ಫಾದಿಂದ ಉಪ್ಸಿಲಾನ್‌ವರೆಗೆ. ಈಜಿಪ್ಟಿನಲ್ಲಿ ಗ್ರೀಕ್ ಯಾಕೆ ಅಂದರೆ, ಅಲೆಕ್ಸಾಂಡರ್ ಆದಮೇಲೆ ಅಲ್ಲಿ ಆಳಿದ ಟಾಲೆಮಿಗಳು ಗ್ರೀಕ್ ಮಾತಾಡುವವರು. ಆಮೇಲೆ ರೋಮನ್ನರು ಬಂದರೂ ಕಚೇರಿಯ ಭಾಷೆ ಗ್ರೀಕ್ ಆಗಿಯೇ ಉಳಿಯಿತು. ಈ ದಾಳಕ್ಕೆ ಮ್ಯೂಸಿಯಂ ಕೊಟ್ಟಿರುವ ಕಾಲ ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 4ನೇ ಶತಮಾನ. ಸುಮಾರು 600 ವರ್ಷದ ಅಂತರ! ನಮ್ಮಲ್ಲಿ ಒಂದು ವಸ್ತುವನ್ನು 'ವಿಜಯನಗರದ ಕಾಲದ್ದೂ ಇರಬಹುದು, ನಿನ್ನೆ ಮೊನ್ನೆಯದ್ದೂ ಇರಬಹುದು' ಅಂದ ಹಾಗೆ ಆಯಿತು.

ಇಷ್ಟು ದೊಡ್ಡ ಮ್ಯೂಸಿಯಂಗೆ ಇದಕ್ಕಿಂತ ಖಚಿತವಾಗಿ ಹೇಳಲು ಬರುವುದಿಲ್ಲವಾ? ಬರುವುದಿಲ್ಲ. ಕಾರಣ ಸರಳ. ಚಾನ್ಸಿ ಮರ್ಚ್ ಎಂಬ ಅಮೆರಿಕದ ಪಾದ್ರಿ 1883ರಿಂದ 1906ರವರೆಗಿನ ಅವಧಿಯಲ್ಲಿ ಈಜಿಪ್ಟಿನಲ್ಲಿ ಕೂಡಿಹಾಕಿದ ಸಾಮಾನುಗಳಲ್ಲಿ ಇದೂ ಒಂದು. ಅವರು ತೀರಿಕೊಂಡ ಮೇಲೆ, 1910ರಲ್ಲಿ, ಮನೆಯವರಿಂದ ಮ್ಯೂಸಿಯಂ ಕೊಂಡಿತು. ಯಾವ ಊರಿನಲ್ಲಿ ಸಿಕ್ಕಿತು, ಮನೆಯಲ್ಲೋ ಗುಡಿಯಲ್ಲೋ ಸಮಾಧಿಯಲ್ಲೋ, ಪಕ್ಕದಲ್ಲಿ ಏನಿತ್ತು, ಇದ್ಯಾವುದೂ ಅದರ ಜೊತೆ ಬರಲಿಲ್ಲ. ಕಲ್ಲು ಬಂತು, ಜಾಗ ಬರಲಿಲ್ಲ.

ಕಲ್ಲಿಗೆ ತನ್ನ ವಯಸ್ಸು ಹೇಳಲು ಬರುವುದಿಲ್ಲ. ಮರ, ಎಲುಬು, ಇದ್ದಿಲು ಆದರೆ ಕಾರ್ಬನ್ ಪರೀಕ್ಷೆ ಮಾಡಬಹುದು. ಕಲ್ಲಿನದ್ದು ಹೇಗೆ? ಬಂಡೆ ಹುಟ್ಟಿ ಕೋಟಿಗಟ್ಟಲೆ ವರ್ಷವಾಗಿರುತ್ತದೆ, ಕೆತ್ತಿದ್ದು ಮಾತ್ರ ನಿನ್ನೆ ಇರಬಹುದು. ಹಾಗಾಗಿ ಕೆತ್ತಿದ ಕಲ್ಲಿನ ಕಾಲ ತಿಳಿಯಲು ಅದರ ಸುತ್ತ ಏನಿತ್ತು ಅನ್ನುವುದನ್ನೇ ನೋಡಬೇಕು.

ಈಗ ನಿಮ್ಮ ಕುಡಿಕೆ ನೋಡಿ. 1835 ಅಂತ ಕಾಣುವುದು ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಇರಬೇಕು. ಆ ಇಸವಿಯ ಕಾಲಾಣೆ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಬೆಲೆ ಏನೂ ದೊಡ್ಡದಿಲ್ಲ. ಆದರೆ ಅದು ಹೇಳುವ ಮಾತು ದೊಡ್ಡದು. ಆ ಕುಡಿಕೆಯನ್ನು 1835ಕ್ಕಿಂತ ಮೊದಲು ಹೂಳಲು ಸಾಧ್ಯವೇ ಇಲ್ಲ! ಅದೇ ವರ್ಷ ಹೂತರು ಎಂದಲ್ಲ, ತಾಮ್ರದ ನಾಣ್ಯ ಕೈಯಿಂದ ಕೈಗೆ ಹತ್ತಾರು ವರ್ಷ ಓಡಾಡುತ್ತದೆ. ಇನ್ನೆರಡು ನಾಣ್ಯದಲ್ಲಿ ಬೇರೆ ಇಸವಿ ಇದ್ದರೆ, ಮೂರರಲ್ಲಿ ತೀರಾ ಈಚಿನದ್ದು ಯಾವುದೋ ಅದೇ ನಮಗೆ ಗಡಿ. ಇನ್ನು ಮಾಡಿನ ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಳೆಯ ಹಂಚಿನ ಒಳಮೈಯಲ್ಲಿ ಕಂಪನಿಯ ಹೆಸರು, ಕೆಲವದರಲ್ಲಿ ಇಸವಿ ಕೂಡ ಒತ್ತಿರುತ್ತದೆ. ಮನೆ ಮೊದಲು ಮುಳಿಹುಲ್ಲಿನದ್ದಾಗಿದ್ದು ಆಮೇಲೆ ಹಂಚು ಬಂದಿರಲೂಬಹುದು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೀಗೆ ನಾಣ್ಯ, ಹಂಚು, ದಾರಂದದ ಮರ, ಮನೆಯ ಕಾಗದಪತ್ರ ಎಲ್ಲ ಸೇರಿಸಿದರೆ ಕುಡಿಕೆ ಹೂತ ಕಾಲವನ್ನು ಮೂವತ್ತು ನಲವತ್ತು ವರ್ಷದೊಳಗೆ ಹಿಡಿಯಬಹುದು. ಮೆಟ್ರೊಪಾಲಿಟನ್‌ಗೆ 600 ವರ್ಷ, ನಿಮಗೆ ನಲವತ್ತು. ಈ ಒಂದು ವಿಷಯದಲ್ಲಿ ಅವರಿಗಿಂತ ನೀವೇ ಶ್ರೀಮಂತರು. ಮೇಸ್ತ್ರಿಯನ್ನು ತಡೆಯಿರಿ ಎಂದದ್ದು ಅದಕ್ಕೇ.

ಇನ್ನೊಂದು ಹಳೆಯ ಜಗಳ ಇದೆ. ಆ ಇಪ್ಪತ್ತು ಮುಖದ ದಾಳವನ್ನು ಆಟಕ್ಕೆ ಬಳಸುತ್ತಿದ್ದರೋ ಶಕುನ ಕೇಳಲೋ? ಅದನ್ನು ಯಾವ ಆಟದಲ್ಲಿ ಹೇಗೆ ಉರುಳಿಸುತ್ತಿದ್ದರು ಅಂತ ಬರೆದಿಟ್ಟವರಿಲ್ಲ. ಈಜಿಪ್ಟಿನ ದಾಖ್ಲಾ ಓಯಸಿಸ್‌ನಲ್ಲಿ 1980ರ ದಶಕದಲ್ಲಿ ಇಂಥದ್ದೇ ಒಂದು ಸಿಕ್ಕಿತು. ಅದರಲ್ಲಿ ಮುಖಕ್ಕೊಂದರಂತೆ ದೇವರ ಹೆಸರು, ಅಲ್ಲಿಯದೇ ಡೆಮೋಟಿಕ್ ಲಿಪಿಯಲ್ಲಿ. ಉರುಳಿಸಿದರೆ ಯಾವ ದೇವರ ಮೊರೆ ಹೋಗಬೇಕು ಎಂದು ಗೊತ್ತಾಗುತ್ತಿತ್ತೇನೋ ಎಂಬ ಊಹೆ ಬಂದದ್ದು ಹಾಗೆ. ಏಷ್ಯಾ ಮೈನರಿನ (ಈಗಿನ ಟರ್ಕಿ) ಊರುಗಳಲ್ಲಿ ಕಲ್ಲಿನ ಕಂಬಗಳ ಮೇಲೆ ಶಕುನದ ಉತ್ತರಗಳನ್ನೇ ಕೆತ್ತಿಸಿದ್ದರು. ಕುರಿಯ ಕಾಲಿನ ಗಂಟೆಲುಬು ಐದು ಎಸೆಯುವುದು, ಬಿದ್ದದ್ದಕ್ಕೆ ಸರಿಯಾದ ಸಾಲು ಓದಿಕೊಳ್ಳುವುದು. ನಮ್ಮಲ್ಲೂ ಇದು ಇತ್ತು. 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ಬವರ್ ಎಂಬ ಅಧಿಕಾರಿಯ ಕೈಗೆ ಸಿಕ್ಕಿದ ಸಂಸ್ಕೃತದ ಹಸ್ತಪ್ರತಿಯಲ್ಲಿ ಬೆಳ್ಳುಳ್ಳಿಯ ಔಷಧಿಯ ಜೊತೆಗೆ ದಾಳದಿಂದ ಭವಿಷ್ಯ ಹೇಳುವ ಕ್ರಮವೂ ಇದೆ.

ಆಟವೋ ಶಕುನವೋ ಅಂತ ಪಂಡಿತರು ಎಷ್ಟೇ ವಾದಿಸಲಿ, ಉಡುಪಿಯವರಿಗೆ ಇದೇನೂ ಒಗಟಲ್ಲ. ಜೋಯಿಸರು ನಿಮ್ಮೆದುರು ಹಾಕಿದ್ದು ಕವಡೆ, ಅಲ್ವಾ? ಘಟ್ಟದ ಮೇಲೆ ಮಕ್ಕಳು ಚೌಕಾಬಾರ ಆಡುವುದೂ ಅದೇ ಕವಡೆಯಲ್ಲಿ. ಒಂದೇ ಕವಡೆ ಬೆಳಿಗ್ಗೆ ಪ್ರಶ್ನೆಗೆ ಕೂರಬಹುದು, ಸಂಜೆ ಜಗಲಿಯಲ್ಲಿ ಗರ ಹಾಕಬಹುದು. ಹಾಗೆಯೇ ಒಂದು ದಾಳ ಆಟದ್ದೂ ಆಗಿ, ಮನೆಯವರಿಗೆ ಅದೃಷ್ಟದ್ದೂ ಆಗಿದ್ದು, ಹೊಸ ಮನೆಯ ಹೊಸ್ತಿಲ ಅಡಿಗೆ ನಾಣ್ಯದ ಜೊತೆ ಹೋಗಿದ್ದರೆ ಆಶ್ಚರ್ಯವಿಲ್ಲ. 'ಇಲ್ಲಿ ಗರ ಒಳ್ಳೆಯದು ಬೀಳಲಿ' ಎಂದು ಯಾರೋ ಇಟ್ಟಿರಬಹುದು. ಇದು ನನ್ನ ಊಹೆ. ಊಹೆ ಅಂತಲೇ ಇಟ್ಟುಕೊಳ್ಳಿ.

ಈಗ ನಿಮ್ಮ ತಮ್ಮನ ಮಗನ ಹರಪ್ಪ. ಹುಡುಗ ಬುದ್ಧಿವಂತ, ಆದರೆ ಇಲ್ಲಿ ಎಡವಿದ್ದಾನೆ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಘನಾಕಾರದ ದಾಳ ಸಿಕ್ಕಿರುವುದು ನಿಜ, ಸುಟ್ಟ ಮಣ್ಣಿನದ್ದೂ ಕಲ್ಲಿನದ್ದೂ. ಮೊಹೆಂಜೊದಾರೊದ ದಾಳಗಳಲ್ಲಿ ಸಾಮಾನ್ಯವಾಗಿ ಒಂದರ ಎದುರು ಎರಡು, ಮೂರರ ಎದುರು ನಾಲ್ಕು, ಐದರ ಎದುರು ಆರು. ನೀವು ಕಳಿಸಿದ ಫೋಟೋಗಳನ್ನು ಜೋಡಿಸಿ ನೋಡಿದೆ. ನಿಮ್ಮದರಲ್ಲಿ ಒಂದರ ಎದುರು ಆರು, ಎರಡರ ಎದುರು ಐದು, ಮೂರರ ಎದುರು ನಾಲ್ಕು. ಅಂದರೆ ಎದುರುಬದುರು ಕೂಡಿದರೆ ಏಳು. ಹಾಗಂತ ರೋಮ್‌ನದ್ದು ಅಂತಲೂ ಹೇಳುವ ಹಾಗಿಲ್ಲ. ರೋಮನ್ ದಾಳಗಳಲ್ಲಿ ಏಳು ಜಾಸ್ತಿ, ಆದರೆ ನಮ್ಮ ಪಗಡೆಯ ಉದ್ದ ದಾಳಗಳಲ್ಲೂ ಒಂದರ ಎದುರು ಆರು, ಎರಡರ ಎದುರು ಐದು ಇರುವುದುಂಟು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ದಾಳದಲ್ಲೂ ಏಳೇ.

ಈಜಿಪ್ಟ್ ಮತ್ತು ನಮ್ಮ ಕರಾವಳಿಗೆ ನಂಟು ಇತ್ತಲ್ಲ ಎಂದು ಯಾರಾದರೂ ಹೇಳಬಹುದು. ಇತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಯಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ಕಡಲತೀರದ ರಾಜ ಮತ್ತು ಅವನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡ ಇರಬೇಕು ಎಂದು 1904ರಲ್ಲಿ ಶಾಸನತಜ್ಞ ಹುಲ್ಟ್ಶ್ ಹೇಳಿದರು. ಅಲ್ಲ, ತುಳು ಎಂದವರೂ ಇದ್ದಾರೆ. ಆ ಕಡಲತೀರ ಮಲ್ಪೆಯೇ ಎಂದು ವಾದಿಸಿದವರಿದ್ದಾರೆ. ಓದಲು ಬಹಳ ಖುಷಿಯ ವಿಷಯ. ಆದರೆ ಆ ನಂಟನ್ನು ಹಿಡಿದುಕೊಂಡು ನಿಮ್ಮ ಹೊಸ್ತಿಲವರೆಗೆ ಬರಬೇಡಿ. ನಡುವೆ ಸಾವಿರದ ಏಳುನೂರು ವರ್ಷ ಇದೆ. ಹೋಲಿಕೆ ಹುಡುಕಿದರೆ ಸಿಗದೇ ಇರುವುದಿಲ್ಲ. ಮೇಲೆ ಹೇಳಿದ ಐದು ಗಂಟೆಲುಬು ಎಸೆದರೆ ಬೀಳಬಹುದಾದ ಜೋಡಣೆ ಒಟ್ಟು 56. ಚೆನ್ನೆಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56! ಇದನ್ನು ವಾಟ್ಸಾಪಿನಲ್ಲಿ ಹಾಕಿದರೆ ನಾಳೆ ಬೆಳಿಗ್ಗೆ ನನಗೇ ಬರುತ್ತದೆ, 'ಗ್ರೀಕರಿಗೆ ಚೆನ್ನೆ ಕಲಿಸಿದ್ದು ತುಳುವರು' ಅಂತ.

ಕಲ್ಲು ಯಾವುದು? ಜಾರುತ್ತದೆ ಅನ್ನುತ್ತೀರಿ. ಒಂದು ಫೋಟೋದಲ್ಲಿ ಪಿಕಾಸಿ ತಾಗಿದ ಮೂಲೆ ಬೂದಿಬಣ್ಣಕ್ಕೆ ಬಿಳಿಚಿದೆ. ಹಾಗಾಗಿ ಬಳಪದ ಕಲ್ಲು ಎಂದೇ ನನಗೆ ಕಾಣುತ್ತದೆ. ಬೇಲೂರು ಹಳೇಬೀಡಿನ ಶಿಲ್ಪಗಳದ್ದು, ಅಜ್ಜಿಯ ಕಾಲದ ಕಲ್ಲುಮರಿಗೆಯದ್ದು ಇದೇ ಜಾತಿ. ಉಗುರಿಗೂ ಗೀರು ಬೀಳುವಷ್ಟು ಮೆತ್ತಗೆ ಇರುತ್ತದೆ. ಗೀರಿ ನೋಡಲು ಹೋಗಬೇಡಿ, ನನ್ನ ಮಾತು ನಂಬಿ ಸಾಕು. ಕಾರ್ಕಳದ ಶಿಲ್ಪಿಗಳು ಕೆತ್ತುವ ನೆಲ್ಲಿಕಾರು ಕಲ್ಲು ಇದಲ್ಲ, ಅದು ಬಹಳ ಗಟ್ಟಿ.

44 ಗ್ರಾಂ ಎಂದಾಗ ತೂಕದ ಕಲ್ಲು ಇರಬಹುದಾ ಎಂದು ತೋಲಾ ಲೆಕ್ಕ ಹಾಕಿದೆ. ಮೂಲೆ ಕತ್ತರಿಸಿದ ಘನದ ತೂಕದ ಬಟ್ಟುಗಳು ಹಲವು ಕಡೆ ಇದ್ದವು. ಒಂದು ತೋಲಾ ಸುಮಾರು 11.66 ಗ್ರಾಂ, ನಾಲ್ಕು ತೋಲಾಕ್ಕೆ 46.6 ಆಗಬೇಕು. ಎರಡೂವರೆ ಗ್ರಾಂ ಕಡಿಮೆ. ಚಿನ್ನ ತೂಗುವವರು ಬಿಡಿ, ಮೆಣಸು ತೂಗುವವರೂ ಅಷ್ಟು ಬಿಟ್ಟುಕೊಡುವುದಿಲ್ಲ. ಅದೂ ಅಲ್ಲದೆ ಒಂದರಿಂದ ಆರರವರೆಗೆ ಉಂಗುರ ಇದೆ, ಅಂಚುಗಳು ಸವೆದು ಮೆತ್ತಗಾಗಿವೆ. ಮೂಲೆ ಕತ್ತರಿಸಿದ್ದು ಚೆನ್ನಾಗಿ ಉರುಳಲಿ ಅಂತ. ದಾಳವೇ ಸರಿ. ಆಡಿ ಆಡಿ ಸವೆದ ದಾಳ. ಅಳತೆ ಸರಿಯಿಲ್ಲ, ಒಂದು ಕಡೆ ಅಗಲ ಜಾಸ್ತಿ ಎಂದು ಬರೆದಿದ್ದೀರಿ. ಅದು ಮೋಸದ ಗುರುತಲ್ಲ. ನೆದರ್ಲೆಂಡ್ಸ್‌ನಲ್ಲಿ ಸಿಕ್ಕಿದ ರೋಮನ್ ಕಾಲದ ದಾಳಗಳನ್ನು ಅಳೆದು ನೋಡಿದವರಿಗೂ ಹೆಚ್ಚಿನವು ಸೊಟ್ಟಗೇ ಇದ್ದವು. ಗರ ಬೀಳಿಸುವುದು ದೇವರು ಎಂದು ನಂಬಿದವರಿಗೆ ಅಳತೆಪಟ್ಟಿ ಯಾಕೆ?

ಇನ್ನು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ತೊಳೆಯುವುದು, ಬೇಡವೇ ಬೇಡ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಬಳಪದ ಕಲ್ಲಿನ ಒಂದು ಸಣ್ಣ ದೀಪ ಬಂದಿತ್ತು, ಮೈತುಂಬ ಜಂಬಿಟ್ಟಿಗೆಯ ಕೆಂಪು ಮಣ್ಣು. ಮೇಲಿನವರು ಊಟಕ್ಕೆ ಹೋಗಿದ್ದಾಗ ಹಳೆಯ ಹಲ್ಲುಜ್ಜುವ ಬ್ರಶ್ ತಂದು ನೀರಿನಲ್ಲಿ ಉಜ್ಜಿದೆ. ಕೆಂಪು ಹೋಯಿತು, ಲಕಲಕ ಹೊಳೆಯಿತು. ತಟ್ಟೆಯಲ್ಲಿ ಉಳಿದ ನೀರನ್ನು ಅವರು ಬಂದು ಬೆರಳಿಂದ ಮುಟ್ಟಿ ನೋಡಿದರು. ಅದರಲ್ಲಿ ಮಣ್ಣಿನ ಜೊತೆ ಬಣ್ಣವೂ ಇತ್ತು. ಗೆರೆಗಳ ಒಳಗೆ ಯಾರೋ ತುಂಬಿದ್ದ ಕೆಂಪು ಅರಗು. ಅವರು ಬೈಯಲಿಲ್ಲ. ಆ ನೀರನ್ನು ಸೋಸಿ, ಉಳಿದ ಚೂರನ್ನು ಒಂದು ಸೀಸೆಗೆ ಹಾಕಿ, ಅದರ ಮೇಲೆ ನನ್ನ ಹೆಸರು, ತಾರೀಕು ಬರೆಸಿದರು. ಆ ಸೀಸೆ ಬಹಳ ವರ್ಷ ನನ್ನ ಮೇಜಿನ ಮೇಲೆ ಇತ್ತು.

ನಿಮ್ಮ ದಾಳದ ನಾಲ್ಕನೇ ಮುಖವನ್ನು ಫೋಟೋದಲ್ಲಿ ದೊಡ್ಡದು ಮಾಡಿ ನೋಡಿ. ಎರಡು ಉಂಗುರಗಳ ಒಳಗೆ ಕಪ್ಪಗೆ, ಮಂಕಾಗಿ ಏನೋ ಅಂಟಿಕೊಂಡಿದೆ. ಕೊಳೆ ಇರಬಹುದು, ಅರಗೂ ಇರಬಹುದು. ಉಂಗುರ ಎದ್ದು ಕಾಣಲಿ ಎಂದು ಬಣ್ಣ ತುಂಬುವುದು ಹಲವು ಕಡೆ ಇದ್ದ ರೂಢಿ. ಹುಣಸೆಹುಳಿ, ಲಿಂಬೆ, ಪಾತ್ರೆ ತೊಳೆಯುವ ಸೋಪು, ತೆಂಗಿನೆಣ್ಣೆ ಯಾವುದೂ ಬೇಡ. ಎಣ್ಣೆ ಹಚ್ಚಿದರೆ ಕಲ್ಲು ಕಪ್ಪಗೆ ಚೆಂದ ಕಾಣುತ್ತದೆ, ನಿಜ. ಆದರೆ ಬಳಪದ ಕಲ್ಲು ಎಣ್ಣೆ ಕುಡಿಯುತ್ತದೆ, ಆಮೇಲೆ ಧೂಳನ್ನೂ ಹಿಡಿದುಕೊಳ್ಳುತ್ತದೆ. ಮೆತ್ತನೆಯ ಒಣ ಬ್ರಶ್ಶಿನಿಂದ ಮೇಲಿನ ಸಡಿಲ ಮಣ್ಣು ಮಾತ್ರ ತೆಗೆಯಿರಿ. ಉಂಗುರದೊಳಗೆ ಕೈ ಹಾಕಬೇಡಿ.

ಮಾರುವುದು. ಹತ್ತು ಲಕ್ಷದವನು ಮುಂದಿನ ಸಲ ಫೋನ್ ಮಾಡಿದಾಗ 'ಪರೀಕ್ಷೆಗೆ' ಅಂತ ನಿಮ್ಮಿಂದಲೇ ಇಪ್ಪತ್ತೈದು ಸಾವಿರ ಕೇಳುತ್ತಾನೆ, ನೋಡುತ್ತಿರಿ. ಅಕ್ಕಿ ಎಳೆಯುವ ತಾಮ್ರದ ಚೊಂಬು, ಎರಡು ತಲೆ ಹಾವು ಮಾರುವವರ ದಾಯಾದಿಗಳು ಇವರು. 2003ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ರೋಮನ್ ಕಾಲದ ಗಾಜಿನ ಇಪ್ಪತ್ತು ಮುಖದ ದಾಳವೊಂದು 17,925 ಡಾಲರಿಗೆ ಹೋದದ್ದು ನಿಜ. ಆ ಸುದ್ದಿ ತೋರಿಸಿ ಮರುಳು ಮಾಡುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮತ್ತೆ ಕಾನೂನು ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ದೇಶದಿಂದ ಹೊರಗೆ ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಮಗಳಿಗೆ ತೋರಿಸಲೆಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವುದು ಕೂಡ ಇದರಲ್ಲೇ ಬರುತ್ತದೆ, ನೆನಪಿರಲಿ.

ಸಮುದ್ರಕ್ಕೆ ಬಿಡುವುದು. ಮಾವನ ಮಾತಿನಲ್ಲಿ ಕೆಟ್ಟದ್ದೇನಿಲ್ಲ. ಗೊತ್ತಿಲ್ಲದ್ದನ್ನು ಗೌರವದಿಂದ ಕಳಿಸಿಕೊಡೋಣ ಎಂಬ ಮನಸ್ಸು. ಆದರೆ ಕಲ್ಲು ಕರಗುವುದಿಲ್ಲ. ಮಲ್ಪೆಯಲ್ಲಿ ಬಿಟ್ಟದ್ದು ಪಡುಕೆರೆಯ ಮರಳಿನಲ್ಲಿ ಇನ್ಯಾರದೋ ಮಗುವಿಗೆ ಸಿಗಬಹುದು. ಆಗ ಅದಕ್ಕೆ ಕುಡಿಕೆಯೂ ಇಲ್ಲ, ನಾಣ್ಯವೂ ಇಲ್ಲ, ಮನೆಯೂ ಇಲ್ಲ. ನ್ಯೂಯಾರ್ಕಿನ ದಾಳದ ಗತಿಯೇ ಇದಕ್ಕೂ. ಮನೆಯಲ್ಲಿ ಶಾಂತಿ ಹೋಮ ಮಾಡಿಸಬೇಕು ಅನ್ನಿಸಿದರೆ ಮಾಡಿಸಿ, ಅದರಿಂದ ದಾಳಕ್ಕೇನೂ ತೊಂದರೆ ಇಲ್ಲ. ಕುಂಕುಮ ಮಾತ್ರ ಹಚ್ಚಬೇಡಿ.

ಸರ್ಕಾರಕ್ಕೆ ತಿಳಿಸುವುದು. ಇದನ್ನು ಮಾಡಲೇಬೇಕು. ನೆಲದಡಿ ಹೂತದ್ದು ಸಿಕ್ಕಿದರೆ ತಿಳಿಸಬೇಕು ಎಂದು 1878ರಿಂದಲೇ ಕಾನೂನಿದೆ, ನಮ್ಮ ರಾಜ್ಯದ್ದು 1962ರ ಕಾಯ್ದೆ. ಪತ್ರ ಹೋಗಬೇಕಾದದ್ದು ಜಿಲ್ಲಾಧಿಕಾರಿಗೆ. ಜನ ಹೆದರುವುದು ಇಲ್ಲೇ. ಪೊಲೀಸ್ ಬರುತ್ತಾರೆ, ಮನೆ ಅಗೆಯುತ್ತಾರೆ ಅಂತ. ಮೂರು ತಾಮ್ರದ ನಾಣ್ಯ ಮತ್ತು ಒಂದು ದಾಳಕ್ಕೆ ಯಾರೂ ಮನೆ ಅಗೆದದ್ದು ನಾನು ಕಂಡಿಲ್ಲ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಾತ್ರ ತಾಪತ್ರಯ. ಎಲ್ಲಿ, ಯಾವತ್ತು, ಏನು ಸಿಕ್ಕಿತು ಅಂತ ಒಂದು ಪುಟ ಬರೆದು, ಫೋಟೋ ಲಗತ್ತಿಸಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಂದು ಪ್ರತಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ. ನಾನು ವಕೀಲನಲ್ಲ, ಪುರಾತನ ವಸ್ತು ಎಂದು ನೋಂದಣಿ ಬೇಕೋ ಬೇಡವೋ ಅನ್ನುವುದನ್ನು ಅವರ ಹತ್ತಿರವೇ ಕೇಳಿ ಲಿಖಿತವಾಗಿ ಪಡೆಯಿರಿ.

ಮ್ಯೂಸಿಯಂಗೆ ಕೊಡುವುದು. ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದ ಕಟ್ಟಡದಲ್ಲಿ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕರ್ನಲ್ ಮಿರಾಜ್‌ಕರ್ ಅವರು ತಮ್ಮ ತಾಯಿಯ ನೆನಪಿಗೆ ಕೊಟ್ಟ ಮನೆ ಅದು, 1960ರಿಂದ ಮ್ಯೂಸಿಯಂ. ಅಲ್ಲಿ ತೋರಿಸಬಹುದು. ಕೊಟ್ಟ ತಕ್ಷಣ ಗಾಜಿನ ಪೆಟ್ಟಿಗೆಯಲ್ಲಿ ದೀಪದಡಿ ಇಡುತ್ತಾರೆ ಎಂದು ಮಾತ್ರ ಎಣಿಸಬೇಡಿ. ಯಾವ ಮ್ಯೂಸಿಯಂನಲ್ಲೂ ಹೆಚ್ಚಿನ ವಸ್ತುಗಳು ಉಗ್ರಾಣದಲ್ಲೇ ಇರುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಚೀಟಿ ಕಳೆದುಹೋಗುವುದು. ಒಂದು ಕಡೆ ನಾನೇ ನೋಡಿದ್ದೇನೆ. ಒಂದು ಟ್ರೇ ತುಂಬ ಕಲ್ಲಿನ ಸಣ್ಣ ಸಾಮಾನು, ಚೀಟಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಮೂವತ್ತೆಂಟು ವಸ್ತು, ಒಂದರ ಊರೂ ಗೊತ್ತಿಲ್ಲ. ಕೊಡುವುದಾದರೆ ಕುಡಿಕೆಯ ಚೂರು, ನಾಣ್ಯ, ದಾಳ, ಫೋಟೋ ಎಲ್ಲ ಒಟ್ಟಿಗೆ ಕೊಡಿ, ಒಟ್ಟಿಗೇ ಇರಬೇಕು ಎಂದು ಬರೆದು ಕೊಡಿ. ರಸೀದಿ ಇಲ್ಲದೆ ಎದ್ದು ಬರಬೇಡಿ.

ನಿರ್ಧಾರ ಆಗುವವರೆಗೆ ಮನೆಯಲ್ಲಿ ಇಡುವುದು ಹೇಗೆ? ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಮರದ ಅಥವಾ ರಟ್ಟಿನ ಡಬ್ಬಿಯಲ್ಲಿ ಇಡಿ. ನಮ್ಮ ಹವೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಬೆವರುತ್ತದೆ, ನಾಣ್ಯಕ್ಕೆ ಹಸಿರು ಕಿಲುಬು ಏಳುತ್ತದೆ. ನಾಣ್ಯಗಳನ್ನು ಬೇರೆ ಕಾಗದದಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿ ಇಡಿ. ಒಡೆದ ಕುಡಿಕೆಯ ಚೂರುಗಳನ್ನು ಎಸೆದಿದ್ದರೆ ಇವತ್ತೇ ಮಣ್ಣಿನ ರಾಶಿಯಲ್ಲಿ ಹುಡುಕಿಸಿ, ಅಂಟಿಸಲು ಹೋಗಬೇಡಿ. ಒಳಗಿದ್ದ ಮಣ್ಣು ಒಂದು ಮುಷ್ಟಿ ಸಿಕ್ಕಿದರೂ ಬೇರೆ ಲಕೋಟೆಯಲ್ಲಿ ಇಡಿ. ಅದರಲ್ಲಿ ಅಕ್ಕಿ ಕಾಳು, ಇದ್ದಿಲ ಚೂರು ಇದ್ದರೆ ಅದಕ್ಕೆ ತನ್ನ ವಯಸ್ಸನ್ನು ಒರಟು ಅಂದಾಜಿಗಾದರೂ ಹೇಳಲು ಬರುತ್ತದೆ, ಕಲ್ಲಿನ ಹಾಗಲ್ಲ.

ಮೇಸ್ತ್ರಿ ಬರುವ ಮೊದಲು ಹೊಂಡದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಹೊಸ್ತಿಲಿನಿಂದ ಎಷ್ಟು ಆಳ, ಬಲ ಕಂಬಕ್ಕೆ ಹತ್ತಿರವೋ ಎಡಕ್ಕೋ, ಮೇಲೆ ಗಾರೆ ಇತ್ತೋ ಬರೀ ಮಣ್ಣೋ ಎಂದು ಅಗೆದವರನ್ನೇ ಕೇಳಿ ಬರೆದುಕೊಳ್ಳಿ. ಅವರು ಇನ್ನೊಂದು ಕೆಲಸಕ್ಕೆ ಹೋದರೆ ಮರೆತುಬಿಡುತ್ತಾರೆ. ಮಾಡಿನಿಂದ ಎರಡು ಹಂಚು ಇಳಿಸಿ ಒಳಮೈ ಫೋಟೋ ತೆಗೆಯಿರಿ. ದಾರಂದದ ಬುಡ ಒಮ್ಮೆ ನೋಡಿ, ನಂತರ ಯಾವತ್ತಾದರೂ ಬದಲಾಯಿಸಿದ ಗುರುತು ಇದೆಯಾ ಅಂತ.

ಉಜ್ಜಿದ ನಾಣ್ಯದ ಬಗ್ಗೆ ಹುಡುಗನಿಗೆ ಬೈಯಬೇಡಿ. ಅದನ್ನೂ ಉಳಿದೆರಡರ ಜೊತೆಗೇ ಇಡಿ. ಒಂದು ಚೀಟಿಯಲ್ಲಿ ಅವನ ಕೈಯಿಂದಲೇ ಬರೆಸಿ: 'ಇದನ್ನು ಹುಣಸೆಹುಳಿ ಹಾಕಿ ಉಜ್ಜಿದ್ದು ನಾನು.' ಕೆಳಗೆ ಹೆಸರು, ತಾರೀಕು.